ಕರಿಕೋಟಿನವನು ನೋಡುತ್ತಿದ್ದ ಚಿಮಣಿ

೧೯೫೯, ಎಪ್ರಿಲ್ ತಿಂಗಳ ಒಂದು ಬುಧವಾರ, ಬೆಳಗಿನ ಏಳು ಗಂಟೆ. ಸವಣೂರಿನ ಹತ್ತಿ ಗಿರಣಿಯ ಬಾಯ್ಲರ್ ಮನೆ. ಹಾಜರಿದ್ದವರು: ಬಾಯ್ಲರ್ ಮಿಸ್ತ್ರಿಯಾದ ನಾನು, ಬೆಂಕಿಯಾಳು ಮೌಲಾಸಾಬ, ಕೈಯಾಳು ಹನಮಂತ. ರಸ್ತೆಯ ಆಚೆ ಹುಣಸೆ ಮರದ ಬುಡದಲ್ಲಿ ಕರಿಕೋಟಿನವನು. ಅವನು ಗಿರಣಿಯ ಆಳಲ್ಲ. ಆದರೂ ಆ ವರ್ಷದ ಹಾಜರಿಯನ್ನು ಅವನನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ.

ಬಾಯ್ಲರ್ ಪರೀಕ್ಷೆ ಪಾಸಾಗಿ ಕೆಲಸಕ್ಕೆ ಸೇರುವ ಹುಡುಗರು ಈಗಲೂ ನನ್ನನ್ನು ನೋಡಲು ಬರುತ್ತಾರೆ. ಒತ್ತಡ, ನೀರಿನ ಮಟ್ಟ, ಸೇಫ್ಟಿ ವಾಲ್ವು ಎಲ್ಲ ಅವರಿಗೆ ಬಾಯಿಪಾಠ. ಬಾಯ್ಲರಿನ ಮೇಲೆ ಉಗಿಯ ಒತ್ತಡವಲ್ಲದೆ ಬೇರೆ ಒತ್ತಡಗಳೂ ಇರುತ್ತವೆ ಎಂದರೆ ಮುಖ ನೋಡುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಯಾವ ದರ್ಜೆಗೆ ಏರಿದೆ ಎಂಬುದರಿಂದ ಯಾರಿಗೂ ಉಪಯೋಗವಿಲ್ಲ.

ನನ್ನ ಊರು ಹಿರೇಕೆರೂರು ಕಡೆಯ ಅಬಲೂರು. ಕೆಲಸ ಕಲಿತದ್ದು ಹುಬ್ಬಳ್ಳಿಯ ರೈಲ್ವೆ ಶೆಡ್ಡಿನಲ್ಲಿ. ಅಲ್ಲಿ ಒಬ್ಬ ಫೋರ್ಮನ್ ಇದ್ದರು, ನಗುವುದೇ ಅಪರೂಪ. ಅವರ ಒಂದು ಕಟ್ಟಳೆಯನ್ನು ನಾನು ಹೋದ ಕಡೆಯೆಲ್ಲ ಕೊಂಡೊಯ್ದೆ. ಬಾಯ್ಲರಿನ ಹೊಟ್ಟೆಗಾಗಲಿ, ಅದರ ಕೆಳಗೆ ಹೊಗೆ ಚಿಮಣಿಗೆ ಹೋಗುವ ಇಟ್ಟಿಗೆ ಸುರಂಗಕ್ಕಾಗಲಿ ಇಳಿಯುವವನು ತನ್ನ ತಲೆಯ ಮೇಲಿನದನ್ನು, ಅದು ಟೊಪ್ಪಿಗೆಯಿರಲಿ ರುಮಾಲಿರಲಿ, ಹೊರಗಿನ ಗೂಟಕ್ಕೆ ಹಾಕಿ ಇಳಿಯಬೇಕು. ಗೂಟದ ಮೇಲೆ ಅದು ಇರುವತನಕ ಯಾರೂ ಎಲ್ಲಿಯೂ ಬೆಂಕಿ ಹಚ್ಚಕೂಡದು. ಹೊರಬಂದವನೇ ತನ್ನ ಕೈಯಾರೆ ಅದನ್ನು ತೆಗೆದುಕೊಳ್ಳಬೇಕು. ಇನ್ನೊಬ್ಬ ಹೊರಗೆ ಕುಳಿತು ಆಗಾಗ ಹೆಸರು ಹಿಡಿದು ಕೂಗಬೇಕು, ಒಳಗಿನವನು ಓಗೊಡಬೇಕು. ಓದು ಬಾರದ ಆಳುಗಳೇ ಹೆಚ್ಚಿದ್ದ ಕಾಲದಲ್ಲಿ ಬೋರ್ಡಿಗಿಂತ ಇದೇ ಒಳ್ಳೆಯದು.

ಸವಣೂರಿನ ಗಿರಣಿಯಲ್ಲಿ ಈ ಗೂಟವನ್ನು ಚಿಮಣಿಯ ಬುಡದ ಬಾಗಿಲ ಪಕ್ಕ ಹೊಡೆಸಿದ್ದೆ. ಮೌಲಾಸಾಬನ ಕೆಂಪು ರುಮಾಲು ಅಂಗಳದ ಯಾವ ಮೂಲೆಯಿಂದಲೂ ಕಾಣುತ್ತಿತ್ತು.

ಗಿರಣಿ ಒಬ್ಬ ಸಾಹುಕಾರನದಾಗಿರಲಿಲ್ಲ, ಕಂಪನಿಯದು. ಸವಣೂರಿನ ಎಲೆಬಳ್ಳಿ ತೋಟದವರು, ಅಕ್ಕಿಆಲೂರಿನ ಅಕ್ಕಿ ಗಿರಣಿಯವರು, ಶಿಗ್ಗಾವಿಯ ಅರಳೆ ವ್ಯಾಪಾರಿಗಳು, ಹಾನಗಲ್ಲಿನ ಒಬ್ಬಿಬ್ಬರು ಮಾಸ್ತರರು ಅದರ ಶೇರು ಹಿಡಿದಿದ್ದರು. ಆ ಶೇರುಗಳು ಹುಬ್ಬಳ್ಳಿಯ ದಲಾಲರ ಕಟ್ಟೆಯ ಮೇಲೆ ಕೈ ಬದಲಾಗುತ್ತಿದ್ದವು. ಅಲ್ಲಿ ಏನು ನಡೆಯುತ್ತದೆ ಎಂದು ನಾನು ಎಂದೂ ಕೇಳಿದವನಲ್ಲ. ಹಿಂದಿನ ವರ್ಷ ನಮ್ಮ ಮ್ಯಾನೇಜರ್ ಗುರುರಾಯರು ತಾವೇ ಬಾಯ್ಲರ್ ಮನೆಗೆ ಬಂದು ಹೇಳಿದರು:

“ಮಿಸ್ತ್ರಿ, ಹುಬ್ಬಳ್ಳ್ಯಾಗ ನಮ್ಮ ಶೇರಿನ ಮ್ಯಾಲೆ ಮಂದಿ ಆಡಾಕತ್ತಾರ. ಇನ್ನ ಮುಂದ ಮೈಯೆಲ್ಲಾ ಕಣ್ಣಾಗಿರಬೇಕು.”

“ಮಂದಿ ಆಡೂದಂದ್ರ ಏನ್ರಿ ಸಾಹೇಬ್ರ?” ಎಂದು ಕೇಳಿದವನು ಮೌಲಾಸಾಬ. ಕೇಳಬಾರದ್ದನ್ನು ಕೇಳುವುದು ಅವನ ಪದ್ಧತಿ.

ಗುರುರಾಯರು ತಾಳ್ಮೆಯಿಂದಲೇ ಬಿಡಿಸಿದರು. ಮಂದಿ ಎಂದರೆ ಇಲ್ಲಿ ಜನವಲ್ಲ, ಬೆಲೆಯ ಇಳಿತ. ತನ್ನದಲ್ಲದ ಶೇರನ್ನು ಕಡ ತಂದು ಇವತ್ತಿನ ಬೆಲೆಗೆ ಮಾರುವುದು. ಬೆಲೆ ಬಿದ್ದ ಮೇಲೆ ಅಗ್ಗಕ್ಕೆ ಕೊಂಡು ಕಡ ತೀರಿಸುವುದು. ನಡುವೆ ಉಳಿದದ್ದು ಲಾಭ. ಬೆಲೆ ಬೀಳದೆ ಏರಿದರೆ ಅಷ್ಟೂ ನಷ್ಟ.

ಮೌಲಾಸಾಬ ಸಲಿಕೆಗೆ ಒರಗಿ ಯೋಚಿಸಿದ. “ಅಂದ್ರ ಬಾಜೂ ಮನ್ಯಾನ ಎಮ್ಮಿ ಕಡಾ ತಂದು ಸಂತ್ಯಾಗ ಮಾರೂದು. ಆಮ್ಯಾಲ ಎಮ್ಮಿ ಅಗ್ಗ ಆಗ್ಲಿ, ಒಂದು ಕೊಂಡು ವಾಪಸ್ ಕಟ್ತೇನಿ ಅಂತ ಕುಂದ್ರೂದು.”

“ಬರೋಬ್ಬರಿ.”

“ಕುಂತಾಂವ ಸುಮ್ನ ಕುಂದ್ರತಾನೇನ್ರಿ? ಎಮ್ಮಿಗಿ ರ್ವಾಗ ಬಂದೈತಿ ಅಂತ ಊರಾಗ ಡಂಗುರಾ ಹೊಡಸ್ತಾನ.”

ಗುರುರಾಯರು ನಗಲಿಲ್ಲ. “ಅದಕ್ಕಽ ಹೇಳಾಕತ್ತಿದ್ದು. ಎಮ್ಮಿ ಕೆಮ್ಮಬಾರದು.”

ನ್ಯಾಯಕ್ಕೆ ಒಂದು ಮಾತು ಇಲ್ಲಿ ಹೇಳಬೇಕು. ಗುರುರಾಯರಿಗಿಂತ ಮೊದಲು ಇದ್ದ ಮ್ಯಾನೇಜರು ಉಗ್ರಾಣದ ಮುಂದಿನ ಸಾಲಿನಲ್ಲಷ್ಟೇ ಹತ್ತಿ ಒಟ್ಟಿಸಿ, ಹಿಂದಿನ ಜಾಗ ಖಾಲಿ ಬಿಟ್ಟು, ಉಗ್ರಾಣ ತುಂಬಿದೆ ಎಂದು ಶೇರುದಾರರಿಗೆ ತೋರಿಸಿದ್ದರು. ಅದನ್ನು ಹಿಡಿದವರು ಸರ್ಕಾರದವರಲ್ಲ, ಡೈರೆಕ್ಟರುಗಳೂ ಅಲ್ಲ. ಕಂಪನಿ ಬೀಳುತ್ತದೆಂದು ಪಂದ್ಯ ಕಟ್ಟಿದ ಹುಬ್ಬಳ್ಳಿಯವರೇ ಯಾರನ್ನೋ ಕಳಿಸಿ, ಹಿಂಬದಿಯ ಕಿಟಕಿಯಿಂದ ನೋಡಿಸಿ ಬಯಲು ಮಾಡಿದರು. ಆ ಮ್ಯಾನೇಜರು ಹೋದರು. ರೈತರ ಹತ್ತಿಯನ್ನು ಸರಿಯಾಗಿ ತೂಗುವ ಪದ್ಧತಿ ಬಂತು. ಬಿದ್ದರೆ ಲಾಭವೆಂದು ಕಾಯುವವನ ಕಣ್ಣಿಗೆ ಹುಳುಕು ಬೇಗ ಕಾಣುತ್ತದೆ. ಅಲ್ಲಿಗೇ ನಿಂತಿದ್ದರೆ ನಾನು ಅವರ ವಿರುದ್ಧ ಒಂದಕ್ಷರವನ್ನೂ ಬರೆಯುತ್ತಿರಲಿಲ್ಲ.

ಕರಿಕೋಟಿನವನು ಬಂದದ್ದು ಆಮೇಲೆ. ಬೇಸಿಗೆಯ ಬಿಸಿಲಿನಲ್ಲೂ ಗುಂಡಿ ಹಾಕಿದ ಕೋಟು, ತೊಡೆಯ ಮೇಲೆ ಮಡಿಸಿದ ಕೊಡೆ. ಗಿರಣಿಯ ಸಿಳ್ಳೆಗೆ ಸರಿಯಾಗಿ ಬಂದು ಹುಣಸೆಯ ಬುಡದಲ್ಲಿ ಕೂರುವನು, ಸಂಜೆಯ ಸಿಳ್ಳೆಗೆ ಏಳುವನು. ಯಾರೊಡನೆಯೂ ಮಾತಿಲ್ಲ. ಹೊಗೆ ಎದ್ದರೆ ತಲೆಯೆತ್ತುವನು, ಬಂಡಿ ಒಳಹೋದರೆ ಗೇಟಿನ ಕಡೆ ನೋಡುವನು. ಗೇಟಿನ ನಾಯಿ ಮೊದಮೊದಲು ಅವನಿಗೆ ಬೊಗಳಿತು, ಆಮೇಲೆ ಅವನ ಕಾಲ ಬಳಿಯೇ ಮಲಗತೊಡಗಿತು. ಅವನು ಹುಬ್ಬಳ್ಳಿಯವರ ಕಣ್ಣು ಎಂದು ಎಲ್ಲರಿಗೂ ಗೊತ್ತು. ರಸ್ತೆ ಸಾರ್ವಜನಿಕರದು, ಮರವೂ ಅಷ್ಟೆ. ಏಳಿಸುವ ಹಾಗಿಲ್ಲ.

ಅವನು ಏನನ್ನೂ ಮಾಡಲಿಲ್ಲ. ಬದಲಾದವರು ನಾವು.

ಮೊದಲು ಸಿಳ್ಳೆ ಬದಲಾಯಿತು. ಕೆಲಸವಿರಲಿ ಬಿಡಲಿ ಊದಬೇಕೆಂದು ಆಜ್ಞೆ. ಆಮೇಲೆ ಹೊಗೆ. ಹತ್ತಿ ಬಾರದ ದಿನವೂ ಒಲೆ ಹೊತ್ತಿಸಿ ಚಿಮಣಿಯನ್ನು ಕಪ್ಪಾಗಿ ಉಗುಳಿಸಬೇಕು. ರೈಲ್ವೆಯಲ್ಲಿ ಕರಿ ಹೊಗೆ ಬಿಟ್ಟ ಬೆಂಕಿಯಾಳಿಗೆ ದಂಡ ಹಾಕುತ್ತಿದ್ದರು. ಅದು ಉರುವಲಿನ ಹಾಳು. ಇಲ್ಲಿ ಕರಿ ಹೊಗೆಗೆ ಶಾಬಾಸ್‌ಗಿರಿ. ಆಮೇಲೆ ಬಂಡಿಗಳು. ಒಂದು ಕೋಡು ಮುರಿದ ಎತ್ತಿನ ಬಂಡಿ ಹತ್ತಿ ಹೇರಿಕೊಂಡು ಮುಂದಿನ ಗೇಟಿನಿಂದ ಒಳಬಂದು, ಹಿಂದಿನ ಗೇಟಿನಿಂದ ಹೊರಬಿದ್ದು, ಕೆರೆಯ ದಾರಿ ಸುತ್ತಿ ಮತ್ತೆ ಮುಂದಿನ ಗೇಟಿಗೆ ಬರುತ್ತಿತ್ತು. ಕೆಲವೇ ದಿನಗಳಲ್ಲಿ ಎತ್ತುಗಳು ಆ ದಾರಿ ಕಲಿತವು. ಬಂಡಿಯವನು ಮುಂದಿನ ಮೂಕಿಮರದ ಮೇಲೆ ನಿದ್ದೆ ಹೋದರೂ ಅವು ಸುತ್ತುತ್ತಿದ್ದವು.

ಎಲ್ಲಕ್ಕಿಂತ ನನಗೆ ಆಗದಿದ್ದುದು ಖಾಲಿ ಯಂತ್ರಗಳ ಸದ್ದು. ಹತ್ತಿ ತಿನ್ನುವ ಯಂತ್ರದ ಸದ್ದು ಮೆತ್ತಗೆ, ಮೆಲುಕು ಹಾಕುವ ದನದ ಹಾಗೆ. ಖಾಲಿ ಓಡುವ ಯಂತ್ರ ಹಲ್ಲು ಕಡಿಯುತ್ತದೆ. ಅವುಗಳ ಮುಂದೆ ಹೆಣ್ಣಾಳುಗಳು ಸಾಲಾಗಿ ಕುಳಿತು, ಇಲ್ಲದ ಹತ್ತಿಯನ್ನು ಎರಡೂ ಕೈಯಿಂದ ಮುಂದಕ್ಕೆ ತಳ್ಳುತ್ತಿದ್ದರು. ಕಿಟಕಿಯಿಂದ ಕೈಯಾಡುವುದು ಕಾಣಬೇಕೆಂದು ಹೇಳಲಾಗಿತ್ತು.

“ಹಿಂಗ ಆಡಸಿ ಆಡಸಿ ಮನ್ಯಾಗ ರೊಟ್ಟಿ ಬಡಿಯಾಕ ಕುಂತ್ರೂ ಕೈ ಖಾಲಿ ಪರಾತದಾಗ ಆಡತಾವ ನೋಡ್ರಿ ಮಿಸ್ತ್ರಿ,” ಎಂದಳು ಅವರಲ್ಲಿ ಹಿರಿಯಳಾದ ಗಂಗವ್ವ. ಉಳಿದವರು ನಕ್ಕರು, ನಕ್ಕು ಕಿಟಕಿಯ ಕಡೆ ನೋಡಿದರು. ನಾನೂ ಗೇಟು ದಾಟುವಾಗ ನೆಟ್ಟಗೆ ನಡೆಯಲು ಕಲಿತಿದ್ದೆ.

ಇದೆಲ್ಲ ಆಟ, ಇರಲಿ. ಆಟವಲ್ಲದ್ದು ಬಾಯ್ಲರು. ಅದನ್ನು ಕಾಲಕಾಲಕ್ಕೆ ಆರಿಸಿ, ತಣಿಸಿ, ಕೆಳಗಿನ ಸುರಂಗಕ್ಕೆ ಇಳಿದು ಮಸಿ ಕೆರೆದು, ತಳದ ತಗಡು ಸೋರುತ್ತಿದೆಯೇ ಎಂದು ನೋಡಲೇಬೇಕು. ಬೂದಿ ತೆಗೆಯುವಲ್ಲಿ ತೇವ ಕಂಡು ನಾನು ಗುರುರಾಯರ ಬಳಿ ಹೋದೆ. ಹೊಗೆ ನಿಂತರೆ ಬಾಯ್ಲರ್ ಒಡೆದಿದೆ ಎಂದು ಸುದ್ದಿ ಹಬ್ಬುತ್ತದೆ, ಆಗದು ಎಂದರು. ಮತ್ತೆ ಹೋದೆ. ಮತ್ತೆ ಅದೇ ಮಾತು. ಅವರು ಕೆಟ್ಟವರಲ್ಲ. ಶೇರು ಬಿದ್ದರೆ ಸಾಲ ಕೊಟ್ಟವರು ಬಾಗಿಲಿಗೆ ಬರುತ್ತಾರೆ, ಗಿರಣಿ ನಿಂತರೆ ಆಳುಗಳು ಬೀದಿಗೆ ಬೀಳುತ್ತಾರೆ ಎಂಬುದು ಅವರ ಹೆದರಿಕೆ. ಹೆದರಿಕೆ ನಿಜದ್ದೇ. ಆದರೆ ಬಾಯ್ಲರಿನ ತಗಡಿಗೆ ಹುಬ್ಬಳ್ಳಿ ಗೊತ್ತಿಲ್ಲ.

ಅಷ್ಟರಲ್ಲಿ ಇನ್ನೊಂದು ನಡೆಯಿತು. ಒಂದು ಮುಂಜಾನೆ ಮೌಲಾಸಾಬನ ಮನೆಗೆ ಶಿಗ್ಗಾವಿಯಿಂದ ಅವನ ಹೆಂಡತಿಯ ತವರಿನವರು ಬಂಡಿ ಕಟ್ಟಿಕೊಂಡು ಅಳುತ್ತ ಬಂದರು. ಸವಣೂರಿನ ಗಿರಣಿಯಲ್ಲಿ ಬಾಯ್ಲರ್ ಒಡೆದು ಬೆಂಕಿಯಾಳು ಸತ್ತನೆಂದು ಹುಬ್ಬಳ್ಳಿಯಲ್ಲಿ ಸುದ್ದಿಯಾಗಿ, ಅಲ್ಲಿಂದ ಶಿಗ್ಗಾವಿಗೆ ಬಂದಿತ್ತು. ಬಾಗಿಲು ತೆರೆದವನು ಮೌಲಾಸಾಬನೇ. ಅವನ ಅತ್ತೆ ಅಲ್ಲೇ ಕುಸಿದಳು.

ಅವನು ಬಾಯ್ಲರ್ ಮನೆಗೆ ಬಂದು ಅದನ್ನು ನಗುನಗುತ್ತಲೇ ಹೇಳಿದ. “ಅಳಾಕ ಬಂದೋರಿಗೆ ನಾನಽ ಚಾ ಮಾಡಿ ಕೊಟ್ನಿ ಮಿಸ್ತ್ರಿ. ಕುಡುದ್ರು. ಕುಡದ ಮ್ಯಾಲೂ ನಮ್ಮತ್ತಿ ನನ್ನ ಕೈ ಮುಟ್ಟಿ ಮುಟ್ಟಿ ನೋಡಾಕತ್ತಿದ್ಲು.” ಆಮೇಲೆ ಸಲಿಕೆ ಎತ್ತಿಕೊಂಡ. “ಅಲ್ರಿ, ಅವ್ರಿಗೆ ನನ್ನ ಹೆಸ್ರು ಹೆಂಗ ಗೊತ್ತು? ಬೆಂಕಿಯಾಳು ಅಂದಿಲ್ಲ, ಮೌಲಾಸಾಬ ಅಂದಾರ.”

ಇಬ್ಬರೂ ಹುಣಸೆ ಮರದ ಕಡೆ ನೋಡಿದೆವು.

ಆ ದಿನದಿಂದ ಗುರುರಾಯರ ಹೊಸ ಆಜ್ಞೆ. ಮೌಲಾಸಾಬ ದಿನಾ ಮಧ್ಯಾಹ್ನ ಕೆಂಪು ರುಮಾಲು ಸುತ್ತಿಕೊಂಡು ಗೇಟಿನ ಮುಂದೆ ಆ ತುದಿಯಿಂದ ಈ ತುದಿಗೆ ನಡೆಯಬೇಕು. ಬದುಕಿದ್ದಾನೆಂದು ಕರಿಕೋಟಿನವನಿಗೆ ಕಾಣಬೇಕು. ಹಳೆಯ ಸುಟ್ಟಗಾಯದಿಂದ ಅವನು ಎಡಗಾಲನ್ನು ಎಳೆದು ನಡೆಯುತ್ತಿದ್ದ. ಸುಡುವ ಬಿಸಿಲಿನಲ್ಲಿ, ಸುಮ್ಮನೆ, ತಾನು ಸತ್ತಿಲ್ಲವೆಂದು ತೋರಿಸಲು ಒಬ್ಬ ಮನುಷ್ಯ ಕಾಲೆಳೆದುಕೊಂಡು ಅಡ್ಡಾಡುವುದು, ಮರದ ಕೆಳಗಿನವನು ಕಣ್ಣು ಕೀಳದೆ ಅದನ್ನು ನೋಡುವುದು. ನಾನು ಆ ಹೊತ್ತಿಗೆ ಬೆನ್ನು ತಿರುಗಿಸಿ ಕೆಲಸ ಮಾಡುತ್ತಿದ್ದೆ.

ಕೊನೆಗೆ ನಾನು ಕೆಲಸ ಬಿಡುತ್ತೇನೆ ಎಂದ ಮೇಲೆ ಗುರುರಾಯರು ತಣಿಸಲು ಎರಡು ದಿನ, ಇಳಿದು ಕೆರೆಯಲು ಒಂದು ದಿನ ಕೊಟ್ಟರು. ಆ ಕೊನೆಯ ದಿನವೇ ಮೇಲೆ ಬರೆದ ಬುಧವಾರ.

ಹಿಂದಿನ ದಿನಗಳಿಂದಲೇ ತಣಿಸಿದ್ದ ಬಾಯ್ಲರಿನ ಕೆಳಗೆ ಸುರಂಗದ ಬಾಗಿಲು ತೆಗೆದೆವು. ಒಳಗೆ ಗಾಳಿಯಾಡಲೆಂದು ಸುರಂಗಕ್ಕೂ ಚಿಮಣಿಗೂ ನಡುವಿನ ಕಬ್ಬಿಣದ ತಡೆಹಲಗೆಯನ್ನು ಮೇಲಕ್ಕೆತ್ತಿ ಕಟ್ಟಿದೆ. ಮೌಲಾಸಾಬ ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದ.

“ಗೋರ್ಯಾಗ ಇಳಿಯೂದು ರೂಢಿ ಆತು ಬಿಡ್ರಿ,” ಎಂದು ಹಲ್ಲು ಕಿರಿದು, ಕೆರೆಯುವ ಸಲಾಕೆ ಹಿಡಿದು ತೆವಳಿಕೊಂಡು ಒಳಹೋದ. ಹನಮಂತನನ್ನು ಬಾಗಿಲಲ್ಲಿ ಕೂರಿಸಿ, ಹೆಸರು ಕೂಗುತ್ತಿರಬೇಕೆಂದು ಹೇಳಿ, ನಾನು ಕಟ್ಟಡದ ಆ ಬದಿಯ ಫಿಟ್ಟರ್ ಕೋಣೆಯಲ್ಲಿ ಸೇಫ್ಟಿ ವಾಲ್ವನ್ನು ಉಜ್ಜಲು ಕುಳಿತೆ. “ಮೌಲಾಸಾಬಾ!” ಎಂದು ಹನಮಂತ, “ಅದೇನೀ!”, ಇದ್ದೇನೆ ಎಂದು ಮೌಲಾಸಾಬ, ಕೂಗುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ಯಂತ್ರಗಳೆಲ್ಲ ನಿಂತಿದ್ದ ಗಿರಣಿಯಲ್ಲಿ ಅದೊಂದೇ ಸದ್ದು.

ಮಧ್ಯಾಹ್ನ ಗುರುರಾಯರಿಗೆ ಹುಬ್ಬಳ್ಳಿಯಿಂದ ತಂತಿ ಬಂತು. ಹೊಗೆ ಏಕಿಲ್ಲ, ಬೆಂಕಿಯಾಳು ಸತ್ತದ್ದು ನಿಜವೇ ಎಂದು ಕಂಪನಿಯ ಚೇರ್ಮನ್ನರೇ ಕೇಳಿದ್ದರು. ಗುರುರಾಯರು ಒಂದೇ ಏಟಿಗೆ ಎರಡಕ್ಕೂ ಉತ್ತರ ಕೊಡಲು ಹೊರಟರು. ನೆಟ್ಟಗೆ ಅಂಗಳಕ್ಕೆ ಬಂದು, ಹನಮಂತನನ್ನು ಎಬ್ಬಿಸಿ, ಗೂಟದ ಮೇಲಿನ ರುಮಾಲು ತೆಗೆದು ಅವನ ತಲೆಗೆ ಸುತ್ತಿಸಿ, ಮೌಲಾಸಾಬನ ಬದಲು ಗೇಟಿನ ಮುಂದೆ ನಡೆಯಲು ಕಳಿಸಿದರು. ಮ್ಯಾನೇಜರ್ ಕರೆದ ಮೇಲೆ ಹನಮಂತ ಎದುರಾಡುವನೇ? ಆಮೇಲೆ ಇದನ್ನು ಕಂಡಿರದ ಆಳುಗಳನ್ನು ಉಗ್ರಾಣದಿಂದ ಅಂಗಳಕ್ಕೆ ಕರೆಸಿ ಹೇಳಿದರು: ಬಾಯ್ಲರಿಗೆ ಬೆಂಕಿ ಬೇಡ, ಚಿಮಣಿಯ ಬುಡದ ಬಾಗಿಲಲ್ಲಿ ಹಸಿ ಹತ್ತಿ ಕಸ ತುಂಬಿ ಹಚ್ಚಿ, ಹೊಗೆ ಮೇಲೆ ಕಂಡರೆ ಸಾಕು.

ಆಳುಗಳು ಕಟ್ಟಳೆ ಮೀರಲಿಲ್ಲ. ಗೂಟ ನೋಡಿದರು. ರುಮಾಲು ಇರಲಿಲ್ಲ. ಹಚ್ಚಿದರು.

ತಣ್ಣಗಿನ ಚಿಮಣಿ ಹೊಗೆಯನ್ನು ಎಳೆದುಕೊಳ್ಳುವುದಿಲ್ಲ. ಸ್ವಲ್ಪ ಮೇಲೆ ಹೋಯಿತು, ಉಳಿದದ್ದು ಎತ್ತಿ ಕಟ್ಟಿದ್ದ ತಡೆಹಲಗೆಯ ಕೆಳಗಿನಿಂದ ಸುರಂಗಕ್ಕೆ ತಿರುಗಿತು.

ನಾನು ಕೇಳಿದ್ದು ಸದ್ದನ್ನಲ್ಲ, ಸದ್ದು ನಿಂತದ್ದನ್ನು. ಕೂಗು ಯಾವಾಗಿನಿಂದ ಇಲ್ಲ ಎಂದು ತಲೆಯೆತ್ತುವಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಮನುಷ್ಯ ಏದುಸಿರು ಬಿಡುತ್ತ ನಿಂತಿದ್ದ. ಕರಿಕೋಟಿನವನು. ಅಷ್ಟು ತಿಂಗಳಲ್ಲಿ ಅವನ ದನಿಯನ್ನು ಕೇಳಿದ್ದು ಅದೇ ಮೊದಲು.

“ಮಿಸ್ತ್ರಿ, ರುಮಾಲು ಮೌಲಾಸಾಬಂದು, ನಡಿಗಿ ಮೌಲಾಸಾಬಂದಲ್ಲ! ಅಂವ ಮುಂಜಾನೆ ಒಳಗ ಬಂದಾನ, ಹೊರಗ ಹೋಗಿಲ್ಲ. ಅಂವ ಎಲ್ಲಿ?”

ನಾನು ಓಡಿದೆ. ಸುರಂಗದ ಬಾಗಿಲಿನಿಂದ ಹಳದಿ ಹೊಗೆ ನೆಲ ಹಿಡಿದು ಹರಿಯುತ್ತಿತ್ತು. “ಕಸ ಎಳೀರಿ! ಬೆಂಕಿ ಹೊರಗ ಎಳೀರಿ!” ಎಂದು ಕೂಗಿದೆ. ಆಳುಗಳಿಗಿಂತ ಮೊದಲು ಗುದ್ದಲಿ ಹಿಡಿದವನು ಕರಿಕೋಟಿನವನು. ನಾನು ಒದ್ದೆ ಗೋಣಿಚೀಲ ಮುಖಕ್ಕೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಒಳಗೆ ತೆವಳಿದೆ. ಕಣ್ಣು ಬಿಡುವಂತಿರಲಿಲ್ಲ. ಇಟ್ಟಿಗೆ, ಮಸಿ, ಮತ್ತೆ ಇಟ್ಟಿಗೆ. ಕೈಗೆ ಒಂದು ಪಾದ ಸಿಕ್ಕಿತು. ಹಿಡಿದೆ. ಹಗ್ಗ ಜಗ್ಗಿದೆ. ಹೊರಗಿನವರು ನಮ್ಮಿಬ್ಬರನ್ನೂ ಎಳೆದರು.

ಬೇವಿನ ನೆರಳಿನಲ್ಲಿ ಮಲಗಿಸಿ, ನೀರು ಹೊಡೆದು, ಎದೆ ತಿಕ್ಕಿದೆವು. ಮುಖ ಪೂರ್ತಿ ಕಪ್ಪು, ರೆಪ್ಪೆ ಯಾವುದು ತಿಳಿಯದು. ಗಂಗವ್ವ ಅವನ ಅಂಗಾಲು ತಿಕ್ಕುತ್ತ ಬೈಯುತ್ತಿದ್ದಳು: “ಏಳೋ ಮೂಳ, ಏಳು. ಒಮ್ಮಿ ಅತ್ತು ಆಗೇತಿ ನಿನಗ, ಎರಡನೇ ಸಲ ಯಾರೂ ಅಳಂಗಿಲ್ಲ.” ಕರಿಕೋಟಿನವನು ಸ್ವಲ್ಪ ದೂರದಲ್ಲಿ ಮಂಡಿಯೂರಿ ಕುಳಿತಿದ್ದ. ನೆಲದ ಕಡೆ ನೋಡುತ್ತ ಹೇಳಿದ:

“ಹುಬ್ಬಳ್ಳಿಗೆ ಆ ಸುದ್ದಿ ಬರದಾಂವ ನಾನಽ. ಸುಳ್ಳು ಬರದಿದ್ದೆ. ಖರೇ ಮಾಡಬ್ಯಾಡ್ರಿ, ಯಾರರ ಏನರ ಮಾಡ್ರಿ.”

ಮೌಲಾಸಾಬನ ಎದೆ ಒಮ್ಮೆ ಎದ್ದಿತು. ಆಮೇಲೆ ಕೆಮ್ಮು. ಅಂಥ ಕೆಮ್ಮನ್ನು ಕೇಳಿ ಅಷ್ಟು ಜನ ಸಂತೋಷಪಟ್ಟದ್ದನ್ನು ನಾನು ಮತ್ತೆಂದೂ ನೋಡಿಲ್ಲ. ಅವನನ್ನು ಬಂಡಿಯಲ್ಲಿ ದವಾಖಾನೆಗೆ ಕಳಿಸಿದೆವು. ಬದುಕಿದ. ದನಿ ಮಾತ್ರ ಕೊನೆಯವರೆಗೂ ಒಡಕಾಗಿಯೇ ಉಳಿಯಿತು.

ಗುರುರಾಯರು ಚಿಮಣಿಯ ಕೆಳಗೆ ನಿಂತಿದ್ದರು. “ನನಗ ಅದು ಬರೇ ರುಮಾಲು ಅನಿಸ್ತು ಮಿಸ್ತ್ರಿ,” ಎಂದರು. ಆಮೇಲೆ ಚಿಮಣಿಯ ತುದಿ ನೋಡುತ್ತ: “ಹೊಗಿ ನಿಂತೈತಲ್ಲ. ನಾಳೆ ಏನಾಗತೈತಿ?”

“ನಾಳೆ ಬೆಂಕಿ ಹಚ್ಚೂದಿಲ್ರಿ. ಇನ್‌ಸ್ಪೆಕ್ಟರು ಬಂದು ನೋಡೂತನಕ ಇಲ್ಲ.”

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಶೇರು ಬಿತ್ತು. ಇನ್‌ಸ್ಪೆಕ್ಟರು ಬಂದರು, ತಳದ ತಗಡು ಬದಲಾಯಿಸಲು ಹೇಳಿದರು. ಆ ಹಂಗಾಮು ಹೋಯಿತು. ಕೆಲವು ಎಲೆತೋಟದವರು ಹೆದರಿ ಶೇರು ಮಾರಿ ಕೈಸುಟ್ಟುಕೊಂಡರು. ಬಾಯ್ಲರ್ ಸರಿಯಾಗಿದೆ ಎಂದು ಸರ್ಟಿಫಿಕೇಟು ಬಂದ ಮೇಲೆ ಬೆಲೆ ನಿಧಾನಕ್ಕೆ ಎದ್ದಿತು. ಆಗ ಮಂದಿ ಆಡಿದವರೂ ಸುಟ್ಟುಕೊಂಡರು. ಅರವತ್ತರ ದಶಕದಲ್ಲಿ ನಾನು ಅಕ್ಕಿಆಲೂರಿನ ಒಂದು ಅಕ್ಕಿ ಗಿರಣಿಗೆ ಹೋದೆ. ಅದಕ್ಕೆ ಒಬ್ಬನೇ ಮಾಲೀಕ. ಬಾಯ್ಲರ್ ಆರಿಸಬೇಕು ಎಂದರೆ “ಆರಸ್ರಿ” ಎಂದು ಹೇಳಿ ಊಟಕ್ಕೆ ಹೋಗುವನು. ಮೊದಲ ಸಲ ಹೊಗೆಯಿಲ್ಲದ ಚಿಮಣಿಯ ಕೆಳಗೆ ನಿಂತಾಗ, ಅಭ್ಯಾಸಬಲದಿಂದ ರಸ್ತೆಯಾಚೆ ನೋಡಿದೆ.

ಮತ್ತೆ ಆ ಬುಧವಾರಕ್ಕೆ ಬರುತ್ತೇನೆ. ಅಂದಿನ ಕೆಲಸ ಮುಗಿದಿರಲಿಲ್ಲ. ಸುರಂಗವನ್ನು ಅರ್ಧ ಕೆರೆದು ಬಿಟ್ಟಿದ್ದೆವು. ಆಳುಗಳೆಲ್ಲ ಬಂಡಿಯ ಹಿಂದೆ ಹೋಗಿದ್ದರು, ಹನಮಂತ ಮೂಲೆಯಲ್ಲಿ ಕುಳಿತು ಆ ಕೆಂಪು ರುಮಾಲನ್ನು ಮಡಿಸುತ್ತ ಬಿಚ್ಚುತ್ತ ಇದ್ದ, ಕರೆದರೂ ಏಳಲಿಲ್ಲ. ಅರ್ಧ ಕೆಲಸ ಬಿಟ್ಟು ಮನೆಗೆ ಹೋಗುವುದು ನನಗೆ ಬರುವುದಿಲ್ಲ. ನಾನೇ ಇಳಿಯಬೇಕು. ಆದರೆ ಹೊರಗೆ ಕುಳಿತು ಕೂಗುವವರು ಬೇಕಲ್ಲ.

“ನಾ ಕೂಗ್ತೇನಿ,” ಎಂದ ಕರಿಕೋಟಿನವನು. ಕೋಟು ಬಿಚ್ಚಿದ್ದ. ಅಂಗಿಯ ಹೆಗಲು ಹರಿದು ಹೊಲಿದದ್ದು ಕಾಣುತ್ತಿತ್ತು. “ನಿಮ್ಮ ಹೆಸರು ಗೊತ್ತೈತಿ.”

ನನ್ನ ಟೊಪ್ಪಿಗೆ ಗೂಟಕ್ಕೆ ಹಾಕಿದೆ. ಕಂದೀಲು ಹಿಡಿದು ಒಳಹೋದೆ. ಹೊಗೆ ಅಷ್ಟರಲ್ಲಿ ಪೂರ್ತಿ ತೆರವಾಗಿತ್ತು. ಹೊರಗೆ ಸಂಜೆಯ ಬಿಸಿಲು, ಒಳಗೆ ಮೂಳೆಗಿಳಿಯುವ ತಂಪು. ಕೆರೆಯುತ್ತ ಮುಂದೆ ಸರಿದಂತೆ ಅವನ ದನಿ ಹಿಂದಿನಿಂದ ಇಟ್ಟಿಗೆಗಳನ್ನು ಸವರಿಕೊಂಡು ಬರುತ್ತಿತ್ತು. ನನ್ನ ಪೂರ್ತಿ ಹೆಸರು, ಅಪ್ಪನ ಹೆಸರು ಸಮೇತ. ನಾನು ಅದನ್ನು ಅವನಿಗೆ ಹೇಳಿರಲಿಲ್ಲ. “ಅದೇನೀ,” ಎಂದೆ. ಮತ್ತೆ ಕೂಗು, ಮತ್ತೆ “ಅದೇನೀ”. ನಮ್ಮ ಬೀಳುವಿಕೆಗೆ ಕಾಯುತ್ತಿದ್ದ ದನಿ ಅದು. ಈಗ ನಾನು ಬದುಕಿದ್ದೇನೆಯೇ ಎಂದು ಮಾತ್ರ ಕೇಳುತ್ತಿತ್ತು.

ತುದಿಯಲ್ಲಿ, ತಳದ ತಗಡಿನ ಮೇಲೆ, ಮೊಳೆಗಳ ಸಾಲಿನುದ್ದಕ್ಕೂ ನೀರು ಸೋರಿ ಒಣಗಿದ ಉಪ್ಪಿನ ಬಿಳಿ ಗೆರೆ ಇತ್ತು. ಸುತ್ತಿಗೆಯಿಂದ ತಟ್ಟಿದೆ. ಕಂಚಿನ ದನಿ ಬರಬೇಕಾದಲ್ಲಿ ಹಲಗೆಯ ದನಿ ಬಂತು. ಮತ್ತೊಂದು ಬೆಂಕಿಗೆ ಅದು ತಡೆಯುತ್ತಿತ್ತೋ ಇಲ್ಲವೋ ಹೇಳಲಾರೆ. ಸುಣ್ಣದ ಕಡ್ಡಿಯಿಂದ ಸುತ್ತ ಗೆರೆ ಎಳೆದು ಹಿಂದೆ ಸರಿದೆ.

ಹೊರಬಂದಾಗ ಅವನು ಕೈಹಿಡಿದು ಎಬ್ಬಿಸಿದ. ನನ್ನ ಕಣ್ಣನ್ನೇ ನೋಡಿದ. ಅವನು ತಿಂಗಳುಗಟ್ಟಲೆ ಮರದ ಕೆಳಗೆ ಕುಳಿತದ್ದು ನಾನು ಈಗ ಒಳಗೆ ಕಂಡದ್ದನ್ನು ತಿಳಿಯಲೆಂದೇ.

“ಒಳಗ ಹೆಂಗೈ...” ಎಂದವನು ತಡೆದ. “ಬ್ಯಾಡ. ಹೇಳಬ್ಯಾಡ್ರಿ. ಹೇಳಿದ್ರ ನಾ ಬರೀಬೇಕಾಗತೈತಿ.”

ನಾನು ಹೇಳಲಿಲ್ಲ. ಮಸಿಯ ಬುಟ್ಟಿಗಳನ್ನು ಇಬ್ಬರೂ ಹೊತ್ತು ಅಂಗಳದ ಮೂಲೆಗೆ ಸುರಿದೆವು. ಅವನು ಬಾವಿಯಿಂದ ನೀರು ಸೇದಿ ಕೊಟ್ಟ. ಗಾಳಿಗೆ ಹಾರದಂತೆ ನಾನು ಆ ರಾಶಿಯ ಮೇಲೆ ಸುತ್ತಲೂ ಚಿಮುಕಿಸಿದೆ, ಅದು ಪೂರ್ತಿ ನೆನೆದು ಕಪ್ಪಗೆ ಕುಗ್ಗುವವರೆಗೆ.